ನಾನು ರಿಪೇರಿ ಮಾಡಿದ ಪೈಪು

ನಮ್ಮ ಹಿತ್ತಿಲಿನ ಪೈಪು ಗಿಡಗಳಿಗಿಂತ ಹೆಚ್ಚಾಗಿ ನನ್ನ ಪೈಜಾಮಕ್ಕೇ ನೀರುಣಿಸುತ್ತಿತ್ತು. ನಲ್ಲಿ ತಿರುಗಿಸಿದರೆ ಸಾಕು, ಅದರ ಮೈಯೆಲ್ಲ ಕಾರಂಜಿ. ತುದಿ ಮುಟ್ಟುವಷ್ಟರಲ್ಲಿ ನೀರಿಗೇ ಸುಸ್ತಾಗಿ, ಬದನೆ ಗಿಡದ ಬುಡಕ್ಕೆ ನಾಲ್ಕು ಹನಿ ಕಣ್ಣೀರು ಬೀಳುತ್ತಿತ್ತು.

"ಹೊಸದು ತಂದುಬಿಡೋಣ ಕಣೇ" ಎಂದೆ.

"ತೂತು ಬಿದ್ದಿದ್ದಕ್ಕೆಲ್ಲ ಹೊಸ ಪೈಪಾ? ನನ್ನ ತಮ್ಮನ್ನ ನೋಡಿ. ಕೈಗುದ್ದಲಿ ಕಾವು ಮುರೀತು ಅಂತ ಹಳೇ ಕುರ್ಚಿ ಕಾಲು ಹಾಕ್ಕೊಂಡ. ನೀರು ಹಾಕೋ ಕ್ಯಾನಿನ ಮೂತಿಗೆ ಪೌಡರ್ ಡಬ್ಬಿ ಮುಚ್ಚಳ ಸಿಕ್ಕಿಸಿದ. ನೀವೂ ಇದ್ದೀರಿ!"

(ನನ್ನ ಹೆಂಡತಿಯ ಶಬ್ದಕೋಶದಲ್ಲಿ 'ನೀವೂ ಇದ್ದೀರಿ' ಎಂದರೆ 'ಇದ್ದೂ ಇಲ್ಲದಂತೆ' ಎಂದು ಅರ್ಥ.)

ಸ್ವಾಭಿಮಾನ ಭುಗಿಲೆದ್ದಿತು. ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಪಟ್ಟಿ ಮಾಡಿದೆ, ಅಂಟು ಹಚ್ಚಿದೆ, ದಾರ ಬಿಗಿದೆ, "ಬಿಡು ನೀರು!" ಎಂದು ಸೇನಾಧಿಪತಿಯ ಗತ್ತಿನಲ್ಲಿ ಅಪ್ಪಣೆ ಕೊಟ್ಟೆ. ಮುಚ್ಚಿದ ತೂತಿನ ಪಕ್ಕದಲ್ಲೇ ಇನ್ನೊಂದು ಬಾಯಿಬಿಟ್ಟಿತು. ಅದನ್ನು ಮುಚ್ಚಿದರೆ ಮತ್ತೊಂದು. ಕೊನೆಗೆ ಪೈಪು ನನ್ನ ಮುಖಕ್ಕೆ ನೀರೆರಚಿ, ಮುಖದ ನೀರಿಳಿಸಿತು. ಅಂಟು ಮಾತ್ರ ಕರ್ತವ್ಯ ಮರೆಯಲಿಲ್ಲ. ನನ್ನ ಎರಡು ಬೆರಳುಗಳನ್ನು ಭದ್ರವಾಗಿ ಕೂಡಿಸಿತು.

ಆಗ ಹೊಳೆಯಿತು ಆ ದಿವ್ಯ ಉಪಾಯ. ಹೆಂಡತಿ ದರ್ಜಿಯ ಅಂಗಡಿಗೆ ಹೋದ ಸಮಯ ನೋಡಿ ಓಡಿದೆ, ಅದೇ ಹಸಿರು ಬಣ್ಣದ ಹೊಸ ಪೈಪು ತಂದೆ. ಕಲ್ಲಿಗೆ ಉಜ್ಜಿದೆ, ಕೆಸರು ಬಳಿದೆ, ಅಲ್ಲಲ್ಲಿ ಟ್ಯೂಬಿನ ಪಟ್ಟಿ ಸುತ್ತಿ ದಾರ ಕಟ್ಟಿದೆ. ಹಳೆಯದು ಗುಜರಿಯವನ ಗಾಡಿ ಏರಿತು. ಗಟ್ಟಿಮುಟ್ಟಾದವನಿಗೆ ಇಷ್ಟೊಂದು ಬ್ಯಾಂಡೇಜು ಕಟ್ಟಿದ ವೈದ್ಯ ಲೋಕದಲ್ಲಿ ನಾನೊಬ್ಬನೇ ಇರಬೇಕು.

ಸಂಜೆ ಅವಳು ನಲ್ಲಿ ತಿರುಗಿಸಿದಳು. ಒಂದು ಹನಿಯೂ ಸೋರಲಿಲ್ಲ.

"ಅಯ್ಯೋ, ನಿಮ್ಮ ಕೈಲಿ ಇಂಥ ವಿದ್ಯೆ ಇತ್ತೇನ್ರೀ?" ಎಂದವಳೇ ತಮ್ಮನಿಗೆ ಫೋನ್ ಮಾಡಿದಳು. "ನಿನ್ನ ಪೌಡರ್ ಡಬ್ಬಿ ನೀನೇ ಇಟ್ಕೊಳ್ಳೋ. ಬಂದು ನಿಮ್ಮ ಭಾವನ ಕೆಲಸ ನೋಡು!"

ಮದುವೆಯಾದ ಮೇಲೆ ಮೊಟ್ಟಮೊದಲ ಬಾರಿಗೆ ತಕ್ಕಡಿ ನನ್ನ ಕಡೆ ವಾಲಿತ್ತು. ಊಟ ಎರಡು ತುತ್ತು ಹೆಚ್ಚೇ ಇಳಿಯಿತು.

ಮರುದಿನ ಭಾವಮೈದ ಹಾಜರ್. ಹೆಗಲ ಮೇಲೆ ಕೆಂಪು ಪೈಪಿನ ಸುರುಳಿ.

"ಭಾವ, ಆ ಪಟ್ಟಿ ಕಟ್ಟೋ ಗುಟ್ಟು ನನಗೂ ಹೇಳ್ಕೊಡಿ."

"ಹೇಳಿದ್ರೆ ಬರೋದಲ್ಲಪ್ಪ ಅದು. ಕೈಗೆ ಬರಬೇಕು" ಎಂದು ಗಂಭೀರವಾಗಿ ಗಂಟಲು ಸರಿಮಾಡಿಕೊಂಡೆ.

ಅವನು ಕುಕ್ಕರಗಾಲಲ್ಲಿ ಕೂತು ನನ್ನ ಪೈಪಿನ ಗಂಟೊಂದಕ್ಕೆ ಉಗುರು ಹಾಕಿದ.

"ಏಯ್, ಬಿಚ್ಚಬೇಡ್ವೋ! ಅಂಟು ಇನ್ನೂ ಒಣಗಬೇಕು" ಎಂದು ಹೆಂಡತಿ ಅವನನ್ನು ಕಾಫಿಗೆ ಒಳಗೆ ಎಳೆದುಕೊಂಡು ಹೋದಳು. ಬದುಕಿದೆ!

ಅವನನ್ನು ಬೀಳ್ಕೊಟ್ಟು ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಒಣಗೋಕೆ ಏನಿದೆ ಅದರಲ್ಲಿ? ಪಟ್ಟಿ ಕೆಳಗೆ ತೂತೇ ಇಲ್ಲ."

"ನಿನಗೆ... ಯಾವಾಗ ಗೊತ್ತಾಯ್ತು?"

"ನಲ್ಲಿ ತಿರುಗಿಸಿದ ತಕ್ಷಣ. ನೀವು ರಿಪೇರಿ ಮಾಡಿದ್ದು ಸೋರದೇ ಇರುತ್ತಾ?"

"ಮತ್ತೆ ತಮ್ಮನ ಮುಂದೆ ಹೊಗಳಿದ್ದು?"

"ಯಾವಾಗಲೂ ಅವನ್ನೇ ಹೊಗಳ್ತೀನಿ ಅಂತ ಮುಖ ಊದಿಸ್ಕೋತೀರಲ್ಲ. ಒಂದು ದಿನ ನೀವೂ ಮೆರೀರಿ ಅಂತ" ಎಂದು ನಕ್ಕಳು.

ನಾನೂ ನಕ್ಕೆ. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದು ಮನಸ್ಸು ತುಂಬಿ ಬಂತು. ಅಷ್ಟರಲ್ಲಿ ಅವಳು ಬಾಗಿಲ ಮೂಲೆಯಿಂದ ಕೆಂಪು ಸುರುಳಿಯನ್ನು ದರದರ ಎಳೆದು ತಂದು ನನ್ನ ಕಾಲಬುಡಕ್ಕೆ ಹಾಕಿದಳು. ಭಾವಮೈದ ಬಿಟ್ಟುಹೋಗಿದ್ದ. ಅದಕ್ಕೆ ಮೈಯೆಲ್ಲ ಬಾಯಿ.

"ಭಾನುವಾರ ತಗೊಂಡು ಹೋಗೋಕೆ ಬರ್ತಾನಂತೆ. ಮಾಡಿಡಿ."

ನಾನು ಮೆಲ್ಲಗೆ ಚಪ್ಪಲಿ ಮೆಟ್ಟತೊಡಗಿದೆ.

"ಅಂಗಡಿಗಾ? ಸುಮ್ನೆ ಕಾಲು ನೋಯಿಸ್ಕೋಬೇಡಿ" ಎಂದಳು. "ಈ ಕೆಂಪು ಪೈಪು ಈಗ ಬರೋದೇ ಇಲ್ವಂತೆ. ಆಗಲೇ ಫೋನ್ ಮಾಡಿ ಕೇಳಿದೀನಿ."