ಚಾವಿಗೆ ಹೋಗುವ ಕೈ

ಕೆಲವರ ಕೈ ಸುಮ್ಮನಿರುವುದಿಲ್ಲ. ಮಾತಾಡುತ್ತ ಎದುರಿನವರ ಅಂಗಿಯ ಗುಂಡಿ ತಿರುವುವವರಿದ್ದಾರೆ, ಕೊಳ್ಳದಿದ್ದರೂ ಬೆಂಡೆಕಾಯಿಯ ತುದಿ ಮುರಿದು ನೋಡುವವರಿದ್ದಾರೆ. ನನ್ನ ಕೈ ಬೈಕಿನ ಚಾವಿಗೆ ಹೋಗುತ್ತದೆ. ಮೊದಲು ಜಹೀರಾಬಾದಿನಲ್ಲಿ, ಆಮೇಲೆ ಕೊಹೀರ್ ಕಡೆ, ಈಗ ತಾಂಡೂರಿನ ಹತ್ತಿರದ ಒಂದು ಪೊಲೀಸ್ ಠಾಣೆಯಲ್ಲಿ ಜಮಾದಾರನಾಗಿ, ಇಪ್ಪತ್ತೆರಡು ವರ್ಷ ರಸ್ತೆಯ ಮೇಲೆ ನಿಂತು ಸಂಪಾದಿಸಿದ ಚಾಳಿ ಇದು. ವಾಹನ ತಪಾಸಣೆ ಎಂದರೆ ಮೊದಲು ಚಾವಿ ಕಿತ್ತುಕೊಳ್ಳಬೇಕು, ಆಮೇಲೆ ಕಾಗದಪತ್ರ ಕೇಳಬೇಕು. ಹೀಗೆಂದು ಯಾವ ನಿಯಮದ ಪುಸ್ತಕದಲ್ಲೂ ಬರೆದಿಲ್ಲ. ನನಗೆ ಹಿರಿಯರು ಕಲಿಸಿದರು, ನಾನು ಕಿರಿಯರಿಗೆ ಕಲಿಸಿದೆ. ಪುಸ್ತಕದಲ್ಲಿರುವುದನ್ನು ನಾವು ಇಷ್ಟು ಶ್ರದ್ಧೆಯಿಂದ ಯಾರಿಗೂ ಕಲಿಸಿದ್ದಿಲ್ಲ.

ಈ ಚಾಳಿಗೆ ರಜೆಯೂ ಇಲ್ಲ. ನಾರಾಯಣಖೇಡದಲ್ಲಿ ಹೆಂಡತಿಯ ತಮ್ಮನ ಮಗಳ ಮದುವೆಗೆ ಹೋಗಿದ್ದೆವು. ಊಟ ಮುಗಿಸಿ ಹೊರಡುವ ಹೊತ್ತಿಗೆ ಮಂಟಪದ ಹೊರಗೆ ನಾಲ್ಕು ಜನ ಜೇಬು ತಡವಿಕೊಳ್ಳುತ್ತ, ಚಪ್ಪಲಿಗಳ ನಡುವೆ ಬಗ್ಗಿ ಏನನ್ನೋ ಹುಡುಕುತ್ತಿದ್ದರು. ಹೆಂಡತಿ ಅತ್ತ ನೋಡಿದಳು, ನನ್ನತ್ತ ನೋಡಿದಳು. "ಎಲ್ಲೂ ಹುಡುಕಬ್ಯಾಡ್ರಿ, ಮೊದಲ ನಮ್ಮ ಮನೀಯವರ ಕಿಸೆ ನೋಡ್ರಿ" ಅಂದಳು. ನಾಲ್ಕೂ ಚಾವಿ ಅಲ್ಲೇ ಇದ್ದವು. ಅವುಗಳಲ್ಲಿ ಒಂದು ಮದುಮಗನದು.

ಹೀಗಿರುವಾಗ ಮೇಲಿನಿಂದ ಒಂದು ಕಾಗದ ಬಂತು. ಸಿಬ್ಬಂದಿಯ ಮತ್ತು ಸಾರ್ವಜನಿಕರ ಸುರಕ್ಷತೆಗಾಗಿ ಕೆಲಸದ ಪದ್ಧತಿಯಲ್ಲಿ ಏನು ಸುಧಾರಿಸಬೇಕು, ಪ್ರತಿ ಠಾಣೆಯೂ ಒಂದು ಸಲಹೆ ಕಳಿಸಬೇಕು, ಜೊತೆಗೆ ಕಾರಣವನ್ನೂ ಬರೆಯಬೇಕು. ನಮ್ಮ ಎಸ್‌ಐ ಮೇಡಂ ನಾರಾಯಣಖೇಡದವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಬರೆಯುವ ಕೆಲಸ ನನಗೆ ಒಪ್ಪಿಸಿದರು. ನಾನು ಬರೆದೆ: ತಪಾಸಣೆಯ ಜಾಗದಲ್ಲಿ ನೆರಳು ಬೇಕು, ಕಾರಣ, ಬಿಸಿಲು.

ಮೇಡಂ ಓದಿ ಹೇಳಿದರು, "ಶರಣಪ್ಪೋರೆ, ಬಿಸಿಲು ನಮ್ಮ ಇಲಾಖಾದಾಗ ಬರಂಗಿಲ್ರಿ."

ಮತ್ತೊಂದು ಬರೆದೆ: ಜನ ಪೊಲೀಸರನ್ನು ಕಂಡು ಹೆದರಬಾರದು, ಕಾರಣ, ಹೆದರಿದವರು ಗಾಡಿ ಜೋರಾಗಿ ಓಡಿಸುತ್ತಾರೆ.

"ಇದು ಚಲೋ ಅದ," ಅಂದರು ಮೇಡಂ. "ಆದ್ರ ಯಾಕ ಹೆದರ್ತಾರ? ಅದನ್ನ ಬರೀರಿ."

ಕಾಗದ ಹಿಡಿದುಕೊಂಡು ಬಂದು ಕುಳಿತೆ. ಯಾಕೆ ಹೆದರುತ್ತಾರೆಂಬುದು ನನ್ನ ಬಲ ಭುಜಕ್ಕೆ ಚೆನ್ನಾಗಿ ಗೊತ್ತಿತ್ತು.

ಹಿಂದಿನ ವರ್ಷದ ಮಾತು. ಕರಣಕೋಟದ ರಸ್ತೆಯಲ್ಲಿ ತಪಾಸಣೆ ನಡೆಸುತ್ತಿದ್ದೆ. ಬೊಮ್ರಾಸಪೇಟೆಯ ಕಡೆಯ ಕುರಿ ಸಾಕುವ ಬೀರಪ್ಪ ಹೆಂಡತಿ ಮಲ್ಲಮ್ಮನನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಬಂದ. ಕೈ ಮಾಡಿದೆ. ಅವನು ವೇಗ ತಗ್ಗಿಸಿ ನಿಲ್ಲಿಸುತ್ತಲೇ ಇದ್ದ. ಆದರೆ ನನ್ನ ಕೈಗೆ ಅಷ್ಟು ತಾಳ್ಮೆ ಇರಲಿಲ್ಲ. ಚಾವಿಗೆ ಕೈ ಹಾಕಿದೆ, ಅದಕ್ಕೆ ಕಟ್ಟಿದ್ದ ಕೆಂಪು ದಾರ ಬೆರಳಿಗೆ ಸಿಕ್ಕಿಕೊಂಡಿತು, ಹ್ಯಾಂಡಲ್ ತಿರುಗಿತು, ಮೂವರೂ ಒಟ್ಟಿಗೆ ಬಿದ್ದೆವು. ಹಿಂದೆ ಸಿಮೆಂಟ್ ಲಾರಿಯೊಂದು ಬರುತ್ತಿತ್ತು. ಅದರ ಬ್ರೇಕು ಸರಿಯಾಗಿದ್ದುದರಿಂದ ಇದನ್ನು ಬರೆಯಲು ನಾನಿದ್ದೇನೆ. ಮಲ್ಲಮ್ಮನ ಮಣಿಕಟ್ಟು ಮುರಿಯಿತು. ನನ್ನ ಭುಜದ ಕೀಲು ತಪ್ಪಿತು. ಆಸ್ಪತ್ರೆಯಲ್ಲಿ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ್ದರು. ಕಂಪೌಂಡರ್ ನನ್ನ ಮುಷ್ಟಿ ಬಿಡಿಸಿದಾಗ ಒಳಗೆ ಚಾವಿ ಇತ್ತು.

ಮಲ್ಲಮ್ಮ ಅದನ್ನು ನೋಡಿ, "ಕೊಡು ಅಂದಿದ್ರ ಕೊಡ್ತಿದ್ದೆವಲ್ರಿ ಸಾಹೇಬ್ರ. ಕಸಗೊಳ್ಳೋದು ಯಾಕ?" ಅಂದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ಅಂದು ವರದಿಯಲ್ಲಿ ಹೀಗೆ ಬರೆದಿದ್ದೆ: ಸವಾರನು ಆಯತಪ್ಪಿ ಬಿದ್ದನು, ಆತನನ್ನು ರಕ್ಷಿಸಲು ಹೋದ ಸಿಬ್ಬಂದಿಗೂ ಪೆಟ್ಟಾಯಿತು. ಠಾಣೆಯಲ್ಲಿ ಎಲ್ಲರೂ ಹೊಗಳಿದರು. ನನಗೆ ನಾಚಿಕೆಯಾಗಿತ್ತು, ಆದರೂ ಹೊಗಳಿಕೆ ಬೇಡ ಎನ್ನಲಿಲ್ಲ. ಈಗ ಕಾರಣ ಬರೆದರೆ ನನ್ನ ವರದಿ ಸುಳ್ಳೆಂದು ನಾನೇ ಸಹಿ ಹಾಕಿದಂತೆ. ಬರೆಯದಿದ್ದರೆ ನಾನು ಕಲಿಸಿದ ಹುಡುಗರೆಲ್ಲ ನಾಳೆಯೂ ಯಾರದೋ ಚಾವಿಗೆ ಕೈ ಹಾಕುತ್ತಾರೆ, ಲಾರಿಯ ಬ್ರೇಕು ಪ್ರತಿಸಲವೂ ಸರಿಯಾಗಿರುವುದಿಲ್ಲ. ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಅಂದು ನಡೆದದ್ದನ್ನು ನಡೆದಂತೆ ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿ, ಸಲಹೆ ಬರೆದೆ: ಯಾರೂ ವಾಹನದ ಚಾವಿ ಮುಟ್ಟಬಾರದು, ನಾಲ್ಕು ಹೆಜ್ಜೆ ದೂರ ನಿಂತು ಮಾತಾಡಬೇಕು, ಕಾರಣ, ನಾನು.

ಮೇಡಂ ಬಹಳ ಹೊತ್ತು ಓದಿದರು. "ಕಳಸ್ಲೇನ್ರಿ?" ಅಂದರು.

"ಕಳಸ್ರಿ ಮೇಡಂ. ಮನಸು ಬದಲಾಗೋದ್ರಾಗ ಕಳಸ್ರಿ."

ಕೆಲವು ತಿಂಗಳಿಗೆ ಉತ್ತರ ಬಂತು. ಸಲಹೆ ಒಪ್ಪಿ ಸೂಚನೆ ಹೊರಡಿಸಿದ್ದರು. ಅದೇ ಲಕೋಟೆಯಲ್ಲಿ, ಸುಳ್ಳು ವರದಿಗೆ ವಿವರಣೆ ಕೇಳಿ ನನಗೊಂದು ಮೆಮೊ ಕೂಡ ಇತ್ತು. ಇಲಾಖೆ ಯಾವುದನ್ನೂ ಅರ್ಧಕ್ಕೆ ಬಿಡುವುದಿಲ್ಲ.

ಮೊನ್ನೆ ಅದೇ ರಸ್ತೆಯಲ್ಲಿ ತಪಾಸಣೆಗೆ ನಿಂತಿದ್ದೆ. ನಾಲ್ಕು ಹೆಜ್ಜೆ ದೂರ, ಎರಡೂ ಕೈ ಬೆನ್ನ ಹಿಂದೆ, ಎಡಗೈಯಲ್ಲಿ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು. ಬೀರಪ್ಪನ ಬೈಕು ಬಂತು. ನನ್ನನ್ನು ಕಂಡವನೇ ದೂರದಲ್ಲೇ ನಿಲ್ಲಿಸಿ ಕಾಲೂರಿದ. ನಾನು ಬಾಯಿ ತೆರೆಯುವ ಮೊದಲೇ ಮಲ್ಲಮ್ಮ ಹಿಂದಿನಿಂದ ಬಗ್ಗಿ, ಗಂಡನ ಬಗಲಲ್ಲಿ ಕೈ ತೂರಿಸಿ, ಚಾವಿ ಕಿತ್ತು ನನ್ನ ಕಡೆ ಚಾಚಿದಳು. ಮಣಿಕಟ್ಟು ತುಸು ಸೊಟ್ಟಗೆ ಕೂಡಿಕೊಂಡಿತ್ತು.

"ತಗೋರಿ ಸಾಹೇಬ್ರ, ನಾವೇ ಕೊಡ್ತೀವಿ."

"ಬ್ಯಾಡ ಅಕ್ಕ, ನಿಮ್ಮ ಕಡೇನೇ ಇರ್ಲಿ," ಅಂದೆ. ಬೆನ್ನ ಹಿಂದೆ ಬಲಗೈ ಜಗ್ಗುತ್ತಲೇ ಇತ್ತು, ಎಡಗೈ ಬಿಡಲಿಲ್ಲ.

ಅವಳು ಚಾಚಿದ ಕೈ ಹಾಗೇ ಇಟ್ಟುಕೊಂಡು, ಮುಂದೆ ಬಾರದ ನನ್ನ ಕೈ ಹುಡುಕುವಂತೆ ನೋಡಿದಳು. ಆಮೇಲೆ ಮುಖ ಮೆತ್ತಗಾಯಿತು.

"ಅಯ್ಯ ಪಾಪ, ನಿಮ್ಮ ಕೈ ಇನ್ನಾ ನೆಟ್ಟಗ ಆಗಿಲ್ಲೇನ್ರಿ?"

"ಈಗೀಗ ಆಗಾಕತ್ತದ ಅಕ್ಕ," ಅಂದೆ.