ದರ್ಜಿಯ ಮನೆಯ ಹೆಚ್ಚುವರಿ ಕುಟುಂಬ

ಒಂದು ಕುಟುಂಬದಲ್ಲಿ ಯಾರಿದ್ದಾರೆ ಎಂಬುದಕ್ಕಿಂತ, ಅವರು ಯಾವ ಸಾಲಿನಲ್ಲಿದ್ದಾರೆ ಎಂಬುದೇ ಮುಖ್ಯವೆಂದು ನಮ್ಮ ವಸತಿ ಕಚೇರಿಯು ಅಧಿಕೃತವಾಗಿ ಕಂಡುಕೊಂಡಿದೆ. ನಗುವವರು ನಗಲಿ. ನಗುವವರೂ ನಮ್ಮ ಕಂಪ್ಯೂಟರಿನಲ್ಲಿದ್ದಾರೆ. ಕೆಲವರು ಎರಡೆರಡು ಸಲ ಇದ್ದಾರೆ.

ಹಿಂದೆಲ್ಲ ಹಳಬರ ವಿವರವನ್ನು ಹುಡುಕಿ ತಿದ್ದಬೇಕಿತ್ತು, ಹೊಸಬರದ್ದನ್ನು ಸೇರಿಸಬೇಕಿತ್ತು. ಹಳಬರಾರು ಹೊಸಬರಾರು ಎಂದು ತಿಳಿಯಲು ತಲೆ ಓಡಿಸಬೇಕಾಗಿದ್ದರಿಂದ ಕೆಲಸ ಕುಂಟುತ್ತಿತ್ತು. ಆದಕಾರಣ ಸಾಹೇಬರು ಡೇಟಾಬೇಸಿಗೆ ಒಂದೇ ಆಜ್ಞೆ ಬರೆಸಿದರು: 'ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು.' ಇದೆಯೋ ಇಲ್ಲವೋ ಎಂದು ನೋಡಲು ಕಂಪ್ಯೂಟರು ಮನೆಯವರ ಹೆಸರುಗಳ ಸಾಲನ್ನು ಹಳೆಯ ಸಾಲಿನ ಪಕ್ಕದಲ್ಲಿಡುತ್ತದೆ. ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಹೊಂದಿದರೆ ಅದೇ ಕುಟುಂಬ. ಹೊಂದದಿದ್ದರೆ ಬೇರೆ ಕುಟುಂಬ. ಇದರಲ್ಲಿ ತಲೆಬುಡ ಅರ್ಥವಾಗದ್ದು ಏನಿದೆಯೋ ನನಗಂತೂ ಗೊತ್ತಿಲ್ಲ.

ಕಚೇರಿಯ ಹಿಂದಿನ ಬೀದಿಯಲ್ಲಿ ಕಚೇರಿಗೇ ಸೇರಿದ ಎರಡು ಕೋಣೆಯ ಮನೆಯೊಂದರಲ್ಲಿ ಒಬ್ಬ ದರ್ಜಿ ಬಾಡಿಗೆಗಿದ್ದಾನೆ. ಮನೆಗೆ ಸೇರಿದಾಗ ಅವನು ಬರೆಸಿದ್ದು ಹೀಗೆ: ತಾನು, ಹೆಂಡತಿ, ಮಗಳು, ಕೊನೆಗೆ ತಾಯಿ. ಮರುವರ್ಷ ಪರಿಶೀಲನೆಗೆ ನಾನೇ ಹೋದೆ. ಚಿನಕುರಳಿ ಎಂದು ಬೀದಿಯೆಲ್ಲ ಕರೆಯುವ ಮಗಳೊಬ್ಬಳೇ ಮನೆಯಲ್ಲಿದ್ದಳು.

"ಮನೇಲಿ ಯಾರ್ಯಾರಿದ್ದೀರಮ್ಮಾ?"

"ಅಜ್ಜಿ, ನಾನು, ಅಮ್ಮ. ಆಮೇಲೆ ಅಪ್ಪ."

ಬೆಳಿಗ್ಗೆ ಅಪ್ಪ ಗದರಿದ್ದನಂತೆ, ಅದಕ್ಕೇ ಅವನು ಕೊನೆಗೆ. ನಾನೋ, ಜನ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುವ ಮನುಷ್ಯ. ಕಂಪ್ಯೂಟರು ಎರಡು ಸಾಲನ್ನೂ ಹೋಲಿಸಿತು, ಹೊಂದಲಿಲ್ಲ, ಹೊಸ ಕುಟುಂಬವೊಂದನ್ನು ಸೇರಿಸಿತು.

ಎರಡು ಕೋಣೆಯ ಮನೆಯಲ್ಲಿ ಐವರಿಗಿಂತ ಹೆಚ್ಚು ಜನ ಇರುವಂತಿಲ್ಲ. ನೋಟಿಸು ಹೋಯಿತು: 'ಸದರಿ ಮನೆಯಲ್ಲಿ ಎಂಟು ಮಂದಿ ವಾಸವಿರುವುದು ಕಂಡುಬಂದಿದೆ. ಹೆಚ್ಚುವರಿ ಕುಟುಂಬವು ತಿಂಗಳೊಳಗೆ ತೆರವಾಗತಕ್ಕದ್ದು. ತಪ್ಪಿದಲ್ಲಿ ಮನೆಗೆ ಬೀಗ ಹಾಕಲಾಗುವುದು. ಸಾಮಾನು ಕಟ್ಟಲು ಮೊದಲ ಕುಟುಂಬವು ಎರಡನೆಯ ಕುಟುಂಬಕ್ಕೆ ನೆರವಾಗತಕ್ಕದ್ದು.'

ದರ್ಜಿ ಹೆಂಡತಿಯನ್ನು ಕರೆದುಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿಬಂದ.

"ಎಂಟು ಜನ ಎಲ್ಲಿದ್ದಾರೆ ಸಾರ್? ಹೊಲಿಗೆ ಮಿಷನ್ ಇಟ್ಟ ಮೇಲೆ ಕಾಲು ಚಾಚೋಕೂ ಜಾಗ ಇಲ್ಲ!"

"ಅದನ್ನೇ ನಾವೂ ಹೇಳ್ತಿರೋದು," ಎಂದರು ಸಾಹೇಬರು.

"ಈ ಮನೆ ಹೋದ್ರೆ ನಾವು ಬೀದಿಪಾಲು ಸಾರ್. ಮರದ ಕೆಳಗೆ ಕೂತು ಹೊಲೀಲಾ?"

"ಇರೋದೇ ನಾಲ್ಕು ಜನ ಸಾಹೇಬ್ರೇ," ಎಂದು ಹೆಂಡತಿ ಬೆರಳು ಮಡಚತೊಡಗಿದಳು. "ನಮ್ಮತ್ತೆ, ಇವರು..."

ನಾನು ಕೈ ಅಡ್ಡ ಹಿಡಿದೆ. "ಅಮ್ಮಾ ತಾಯೀ, ಬಾಯಿ ಮುಚ್ಕೊಳ್ಳಿ! ಮೂರನೇ ಕುಟುಂಬ ಹುಟ್ಕೊಳ್ಳುತ್ತೆ!"

ಆಜ್ಞೆ ಬರೆದ ಪ್ರೋಗ್ರಾಮರ್ ಹುಡುಗಿಯನ್ನು ಕರೆಸಲಾಯಿತು. ಅವಳಿಗೆ ಇದು ದೊಡ್ಡ ವಿಷಯವೇ ಅಲ್ಲ. "ಹೋಲಿಸೋ ಮುಂಚೆ ಎರಡೂ ಕಡೆ ಹೆಸರುಗಳನ್ನ ಅಕಾರಾದಿಯಾಗಿ ಜೋಡಿಸಿಬಿಟ್ರೆ ಆಯ್ತು ಸರ್. ಒಂದೇ ಸಾಲಿನ ಕೆಲಸ."

"ಯಾರ ಮನೆ ಹಿರಿಯರನ್ನ ಎಲ್ಲಿ ಕೂರಿಸ್ಬೇಕು ಅಂತ ಅಕ್ಷರಮಾಲೆ ಹೇಳುತ್ತೇನಮ್ಮಾ?" ಎಂದು ಸಾಹೇಬರು ಗುಡುಗಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, "ಹಾಗೆ ಮಾಡಿದ್ರೆ ಎಷ್ಟು ಕುಟುಂಬ ಕಡಿಮೆಯಾಗುತ್ತೆ?"

"ಅರ್ಧಕ್ಕರ್ಧ ಸರ್."

ಕುಟುಂಬಗಳ ಸಂಖ್ಯೆ ಹೆಚ್ಚಿದ್ದಕ್ಕೇ ಕಚೇರಿಗೆ ಎರಡನೇ ಜೀಪು ಮಂಜೂರಾಗಿತ್ತು. ಕಿಟಕಿಯಾಚೆ ನಿಂತಿದ್ದ ಅದನ್ನು ಸಾಹೇಬರು ಸ್ವಲ್ಪ ಹೊತ್ತು ನೋಡಿದರು. "ಅಷ್ಟೊಂದು ಜನರನ್ನ ಒಂದೇ ಏಟಿಗೆ ಇಲ್ಲವಾಗಿಸೋಕೆ ನಂಗೆ ಮನಸ್ಸು ಬರಲ್ಲ. ನಾನೂ ಸಂಸಾರಸ್ಥ," ಎಂದರು. ಹೀಗಾಗಿ ತೆರವೇ ಖಾಯಂ ಆಯಿತು.

ತೆರವಿನ ದಿನ ಸಾಹೇಬರೂ ನಾನೂ ಹೊಸ ಜೀಪಿನಲ್ಲೇ ಹೋದೆವು. ನಾನು ಎರಡನೆಯ ಕುಟುಂಬದ ಹೆಸರುಗಳನ್ನು ಕೂಗಿದೆ. ಅಜ್ಜಿ ಒಂದು ಗಂಟು ಹಿಡಿದು ಮೊದಲು ಬಂದರು, ಹಿಂದೆ ಚಿನಕುರಳಿ, ಅವಳಮ್ಮ, ಕೊನೆಗೆ ತಲೆ ತಗ್ಗಿಸಿಕೊಂಡು ದರ್ಜಿ. ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ, ಇದ್ದರೋ ಇಲ್ಲವೋ ಅನ್ನೋ ಹಾಗಿದ್ರು. ಒಂದು ದಿನಾನೂ ಗಲಾಟೆ ಮಾಡಿದೋರಲ್ಲ."

ತೆರವು ಮುಗಿಯಿತೆಂದು ಸಾಹೇಬರು ಸಹಿ ಹಾಕಿದರು. ನಾನು ಮೊದಲ ಕುಟುಂಬವನ್ನು ಕೂಗಿದೆ. ದರ್ಜಿ ಒಳಗೆ ಹೋದ, ಹೆಂಡತಿ ಹೋದಳು, ಮಗಳು ಹೋದಳು. ಅಜ್ಜಿ ಹೊಸ್ತಿಲಲ್ಲಿ ನಿಂತರು.

"ಆ ಸಂಸಾರಕ್ಕೆ ಎಲ್ಲಿ ಮನೆ ಕೊಟ್ರಪ್ಪಾ?"

"ಅರ್ಜಿ ಹಾಕ್ಲಿ ಅಜ್ಜೀ, ನೋಡೋಣ. ಇನ್ಮೇಲೆ ನೀವು ನಾಲ್ವರೂ ಇದೇ ಸಾಲಲ್ಲಿರ್ಬೇಕು. ನಾವು ಯಾವಾಗ ಬೇಕಾದ್ರೂ ಬಂದು ನೋಡ್ತೀವಿ."

ಮೊನ್ನೆ ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಅಲ್ಲಿಗೆ ಹೋಗಿದ್ದೆ. ಊಟಕ್ಕೆ ಕೂತಿದ್ದರು. ನನಗೆ ಹೆಮ್ಮೆಯಾಯಿತು: ದರ್ಜಿ, ಹೆಂಡತಿ, ಮಗಳು, ಬಾಗಿಲ ಬಳಿ ಅಜ್ಜಿ. ಬಡಿಸುವುದೂ ಅದೇ ಸಾಲಿನಲ್ಲಿ.

"ಮನೆ ಉಳೀತಲ್ಲ ಸಾರ್, ಅಷ್ಟು ಸಾಕು," ಎಂದ ದರ್ಜಿ. "ಆದ್ರೂ ಅವರು ಹೋದ್ಮೇಲೆ ಮನೆ ಬಿಕೋ ಅನ್ನುತ್ತೆ."

"ಎಲ್ಲಿದ್ದಾರೋ ಏನೋ," ಎಂದಳು ಹೆಂಡತಿ. "ಒಂದು ಫೋನೂ ಇಲ್ಲ."

ಚಿನಕುರಳಿ ತಟ್ಟೆ ಎತ್ತಿಕೊಂಡು ಅಜ್ಜಿಯ ಆಚೆ ಪಕ್ಕಕ್ಕೆ ಸರಿಯಲು ನೋಡಿದಳು. ನಾನು ಕೆಮ್ಮಿದೆ. ಅವಳು ತನ್ನ ಜಾಗಕ್ಕೇ ಬಂದು ಕೂತಳು.

"ನಂಗಂತೂ ಆ ಸಂಸಾರಾನೇ ಹಿಡಿಸಿತ್ತು ಕಣಪ್ಪಾ," ಎಂದರು ಅಜ್ಜಿ, ತಟ್ಟೆಗೆ ಅನ್ನ ಬರುವುದನ್ನು ಕಾಯುತ್ತ. "ಅಲ್ಲಿ ನಾನು ಮೊದಲಿದ್ದೆ."

ನಾನು ಕಚೇರಿಯ ಪರವಾಗಿ ವಿಷಾದ ಸೂಚಿಸಿ, ಪ್ಯಾಂಟು ಕೊಟ್ಟು ಬಂದೆ.