ದಂಬೆ ರಿಪೇರಿ ಆತು

ಬಾಯಲ್ಲಿ ಸುಳ್ಳು ಹೇಳುವ ವಿದ್ಯೆ ನನಗೆ ಕೊನೆಗೂ ಒಲಿಯಲಿಲ್ಲ. ಹೇಳಹೊರಟರೆ ಕಿವಿ ಕೆಂಪಾಗುತ್ತದೆ, ನಾಲಗೆ ತಡವರಿಸುತ್ತದೆ. ಶಾಲೆಯ ತಪಾಸಣೆಗೆ ಬಂದ ಸಾಹೇಬರ ಎದುರು "ಪಾಠವೆಲ್ಲ ಮುಗಿದಿದೆ" ಎನ್ನಲು ಹೋಗಿ, ಯಾವ ಯಾವ ಪಾಠ ಮುಗಿದಿಲ್ಲ ಎಂಬುದನ್ನು ಕ್ರಮವಾಗಿ ಒಪ್ಪಿಸಿ ಬಂದವನು ನಾನು. ಆದರೆ ಕೈಗೊಂದು ಪೋಸ್ಟ್ ಕಾರ್ಡು ಕೊಟ್ಟು, ಓದುವವರನ್ನು ನಲವತ್ತು ಮೈಲಿ ಆಚೆ ಇಟ್ಟುಬಿಟ್ಟರೆ ನನ್ನಷ್ಟು ನಿರರ್ಗಳವಾದ ಸುಳ್ಳುಗಾರ ಈ ಕರಾವಳಿಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು. ನಾನು ಭಟ್ಕಳದಲ್ಲಿ ಮಾಸ್ತರ. ಮದುವೆಯಾಗಿ ಎರಡು ವರ್ಷ. ನಮ್ಮ ಬಾಡಿಗೆ ಮನೆಗೆ ಹಂಚಿನ ಮಾಡು ಎರಡು, ಎರಡೂ ಕೂಡುವಲ್ಲಿ ನೀರು ಹರಿದುಹೋಗಲು ಉದ್ದಕ್ಕೆ ಒಂದು ತಗಡಿನ ದಂಬೆ. ಅಡಿಕೆ ಮರ ಸೀಳಿ ಮಾಡುವ ದಂಬೆಯ ಹೆಸರನ್ನೇ ನಾವು ತಗಡಿಗೂ ದಾಟಿಸಿಕೊಂಡವರು. ಅದರ ತೂತುಗಳ ಕೆಳಗೆ ನೇರವಾಗಿ ನಮ್ಮ ಒಳಜಗಲಿ. ಮನೆಯ ಯಜಮಾನರಿಗೆ ಹೇಳಿದರೆ, "ಆ ದಂಬೆ ಇರೋದಕ್ಕೇ ನಿಮಗೆ ಈ ಬಾಡಿಗೆಯಲ್ಲಿ ಮನೆ ಸಿಕ್ಕಿದ್ದು ಮಾಸ್ತರ್ರೇ" ಎಂದರು. ನ್ಯಾಯವಾದ ಮಾತು.

ಆ ವರ್ಷ ಮೇ ಕೊನೆಗೆ ಮಿರ್ಜಾನದಲ್ಲಿ ನನ್ನ ಅತ್ತೆ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಕಾಲು ಮುರಿದುಕೊಂಡರು. ಹೆಂಡತಿ ಶಾರದೆ ಆರೈಕೆಗೆ ಹೊರಟಳು. ಹೊರಡುವಾಗ ಮೇಲೆ ನೋಡಿ, "ಮಳೆಗೆ ಮುಂಚೆ ಇದಕ್ಕೆ ಎಂತಾದ್ರೂ ಮಾಡಿಸಿ" ಎಂದಳು. ಕರೆದೊಯ್ಯಲು ಬಂದ ಅವಳಣ್ಣ ನಕ್ಕು, "ಭಾವನಿಗೆ ಮೊಳೆ ಹೊಡೀಲಿಕ್ಕೂ ಪುಸ್ತಕ ನೋಡ್ಬೇಕು" ಎಂದ. ನಾನೂ ನಕ್ಕೆ. ಆ ಮಾತು ಮಾತ್ರ ಒಳಗೆ ಉಳಿದುಬಿಟ್ಟಿತು.

ಮಳೆ ಬಂತು. ಒಳಜಗಲಿಗೆ ಕೊಡಪಾನ, ಚರಿಗೆ, ಕಡೆಗೆ ಅನ್ನದ ಪಾತ್ರೆ ಎಲ್ಲ ಬಂದು ಕೂತವು. ತಗಡಿನ ಕೆಲಸದ ಹಸನ್ ಭಾಯಿಯನ್ನು ಕರೆತಂದೆ. ಆತ ಏಣಿ ಹತ್ತಿ, ದಂಬೆಗೆ ಬೆರಳಿಂದ ತಟ್ಟಿ, ಬೆರಳು ಆಚೆ ಹೋದದ್ದನ್ನು ನನಗೆ ತೋರಿಸಿ ಇಳಿದ. "ಒದ್ದೆ ತಗಡಿಗೆ ಬೆಸುಗೆ ಹಿಡಿಯೋದಿಲ್ಲ ಮಾಸ್ತರ್. ಹೊಸದು ಹಾಕಿಸಿ. ಇಲ್ಲಾಂದ್ರೆ ದೀಪಾವಳಿ ಕಳೀಲಿ." ಹೊಸ ತಗಡು ನನ್ನ ಸಂಬಳಕ್ಕೆ ಎಟುಕುವಂಥದ್ದಲ್ಲ. ದೀಪಾವಳಿಯೂ ಹತ್ತಿರದಲ್ಲಿರಲಿಲ್ಲ.

ನಾನೇ ವೈದ್ಯಕ್ಕಿಳಿದೆ. ಮೊದಲು ಬಟ್ಟೆ ಒಗೆಯುವ ಸಾಬೂನನ್ನು ನಾದಿ ತೂತಿಗೆ ತುರುಕಿದೆ. ಒಂದು ತಾಸು ಹನಿ ನಿಂತಿತು. ಆಮೇಲೆ ನೊರೆಯ ಸಮೇತ ಇಳಿಯತೊಡಗಿತು. ದಂಬೆಯ ಬಾಯಿಂದ ಪಕ್ಕದ ಮನೆಯ ಅಂಗಳಕ್ಕೆ ಬೆಳ್ಳಗೆ ನೊರೆ ಸುರಿಯುವುದನ್ನು ಕಂಡ ಅಲ್ಲಿಯ ಅಜ್ಜಿ, "ಮಾಸ್ತರ್ರು ಮಾಡಿಗೂ ಮೀಯಿಸ್ತಾರೆ" ಎಂದು ಊರಿಗೆಲ್ಲ ಹೇಳಿದಳು. ಅನಂತರ ಮೈದಾ ಅಂಟು ಮೆತ್ತಿದೆ. ಅದು ಇರುವೆಗಳಿಗೆ ಊಟವಾಯಿತು.

ಅಷ್ಟರಲ್ಲಿ ಶಾರದೆಯ ಕಾರ್ಡು: "ಇಲ್ಲಿ ಮಳೆ ಜೋರು. ದಂಬೆ ಎಂತಾಯಿತು? ಊಟಕ್ಕೆ ಎಂತ ಮಾಡುತ್ತೀರಿ?" ಅದು ಕೈಗೆ ಬಂದಾಗ ನಾನು ಎಡಗೈಯಲ್ಲಿ ಕೊಡೆ ಹಿಡಿದು ಗಂಜಿ ಉಣ್ಣುತ್ತಿದ್ದೆ. ಉಂಡು, ಕೈ ತೊಳೆದು, ಒಣಗಿದ್ದ ಒಂದೇ ಮೂಲೆಯಲ್ಲಿ ಕೂತು ಉತ್ತರ ಬರೆದೆ: "ದಂಬೆ ರಿಪೇರಿ ಆತು. ನಾನೇ ನಿಂತು ಮಾಡಿಸಿದೆ. ಒಂದು ಹನಿ ಇಲ್ಲ. ಊಟಕ್ಕೂ ತೊಂದರೆಯಿಲ್ಲ. ನನ್ನ ಚಿಂತೆ ಬೇಡ." ಅವಳಣ್ಣನೂ ಓದುತ್ತಾನೆಂದು ಗೊತ್ತಿದ್ದುದರಿಂದ "ನಾನೇ ನಿಂತು" ಎಂಬಲ್ಲಿ ಅಕ್ಷರ ಸ್ವಲ್ಪ ದಪ್ಪಗೆ ಬರೆದೆ.

"ಸಂತೋಷ" ಎಂದು ಉತ್ತರ ಬಂತು. ಆಮೇಲೆ ಕಾರ್ಡುಗಳು ವಿರಳವಾದವು. ನಾನೇ ಹೋಗಿ ನೋಡಿ ಬರಬಹುದಿತ್ತು. ಹೊನ್ನಾವರದಲ್ಲಿ ಶರಾವತಿ ದಾಟಬೇಕು, ಹೊಳೆ ಉಬ್ಬಿದರೆ ದೋಣಿ ಬಿಡುವುದಿಲ್ಲ ಎಂದು ಪ್ರತಿ ಶನಿವಾರ ನನಗೆ ನಾನೇ ಹೇಳಿಕೊಂಡೆ. ಯಾವ ಆದಿತ್ಯವಾರವೂ ಹೊಳೆ ಉಬ್ಬಿರಲಿಲ್ಲ. ಆದರೆ "ನಾನೇ ನಿಂತು" ಎಂದು ದಪ್ಪಗೆ ಬರೆದವನು ಒದ್ದೆ ಅಂಗಿಯಲ್ಲಿ ಹೋಗಿ ನಿಲ್ಲುವುದು ಹೇಗೆ? ಶಾಲೆ ಬಿಟ್ಟು ಬಂದು ಬೀಗ ತೆಗೆದರೆ "ಬಂದ್ರಾ?" ಎನ್ನುವವರಿಲ್ಲ. ಹಪ್ಪಳ ಸುಟ್ಟುಕೊಂಡರೆ ಒಂದು ಸುಡಬೇಕೋ ಎರಡೋ ಎಂದು ಕೈ ತಾನಾಗಿ ತಡೆಯುತ್ತಿತ್ತು. ಒಮ್ಮೆ ಎರಡು ಸುಟ್ಟು, ಎರಡನೆಯದನ್ನು ಡಬ್ಬಿಯಲ್ಲಿಟ್ಟೆ. ಮರುದಿನ ಅದು ಮೆತ್ತಗಾಗಿತ್ತು.

ಒಂದು ಆದಿತ್ಯವಾರ ಮನೆಯಲ್ಲಿ ಕೂರಲಾರದೆ ಬೆಳಕೆಯ ಕಡಲ ದಂಡೆಗೆ ಹೋದೆ. ಮಳೆಗಾಲಕ್ಕೆಂದು ದಡಕ್ಕೆಳೆದ ದೋಣಿಗಳ ಮೇಲೆ ಸೋಗೆ ಹೊದಿಸಿದ್ದರು. ಜಟ್ಟಪ್ಪ ಎಂಬ ಮುದುಕ ಒಂದು ದೋಣಿಯ ಹಲಗೆಗಳ ಸಂದಿಗೆ ಅಂಟಿನಲ್ಲಿ ಅದ್ದಿದ ಹತ್ತಿ ತುರುಕುತ್ತಿದ್ದ. ಮಾತಾಡಲು ಒಬ್ಬರು ಸಿಕ್ಕರಲ್ಲ ಎಂದು ನಾನು ದಂಬೆಯ ಕತೆ ಪೂರ್ತಿ ಹೇಳಿದೆ, ಸಾಬೂನೂ ಸೇರಿ. ಆತ ಕೆಮ್ಮು ಬರುವಷ್ಟು ನಕ್ಕ. "ಸಮುದ್ರ ತಡೀತದೆ ಇದು. ನಿಮ್ಮ ದಂಬೆ ಎಂತ ದೊಡ್ಡದು?"

ಮಳೆ ಬಿಟ್ಟು ಹೊಳವಾದ ದಿನ ಜಟ್ಟಪ್ಪ ಬಂದ. ತಗಡನ್ನು ಒರೆಸಿ, ಕರಟದ ಕೆಂಡ ಹಾಕಿದ ಸೌಟನ್ನು ಅದರ ಮೇಲಾಡಿಸಿ ಒಣಗಿಸಿದ. ರಾಳವನ್ನು ಎಣ್ಣೆಯಲ್ಲಿ ಕುದಿಸಿದ ಅಂಟಿನಲ್ಲಿ ಹತ್ತಿ ಅದ್ದಿ ತೂತುಗಳಿಗೆಲ್ಲ ಒತ್ತಿದ, ಮೇಲೆ ನನ್ನ ಹಳೇ ಧೋತರದ ಪಟ್ಟಿ ಅಂಟಿಸಿ ಮತ್ತೆ ಅಂಟು ಬಳಿದ. ನಾನು ಕೆಳಗೆ ಏಣಿ ಹಿಡಿದು, ಬರೆದ ಪ್ರಕಾರವೇ, ನಿಂತು ಮಾಡಿಸಿದೆ. ದುಡ್ಡು ಬೇಡ, ರತ್ನಾಗಿರಿಯಲ್ಲಿರುವ ತಮ್ಮನಿಗೆ ಒಂದು ಕಾಗದ ಬರೆದುಕೊಡಿ ಎಂದ. "ಎಂತ ಬರೀಲಿ?" ಎಂದೆ. "ನಂಗೆ ಮೈ ಸಮ ಇಲ್ಲ, ಒಂದ್ಸಲ ಬಂದು ಹೋಗು ಅಂತ ಬರೀರಿ. ಅದೇ ನಿಜ" ಎಂದ. ಬರೆದೆ. ಅಷ್ಟು ಸಣ್ಣ ಕಾಗದ ಬರೆಯಲು ನನಗೆ ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು.

ಅಂದು ಸಂಜೆಯ ಮಳೆಗೆ ಒಂದು ಹನಿಯೂ ಇಳಿಯಲಿಲ್ಲ. ಪಾತ್ರೆಗಳನ್ನೆಲ್ಲ ಒಳಗಿಟ್ಟೆ. ಒಳಜಗಲಿ ಒಮ್ಮೆಲೇ ದೊಡ್ಡದಾಯಿತು. ನನ್ನ ಪರಾಕ್ರಮವನ್ನು ಯಾರಿಗಾದರೂ ತೋರಿಸಬೇಕೆನಿಸಿತು. ತೋರಿಸಬೇಕಾದವಳಿಗೆ ಅದು ಹಳೇ ಸುದ್ದಿ.

ಶಾರದೆ ಬಂದದ್ದು ಚೌತಿಗೆ ಎರಡು ದಿನವಿದೆ ಎನ್ನುವಾಗ. ಗಂಟು ಇಳಿಸಿ, ನೆಲದ ಮೇಲೆ ಉಳಿದಿದ್ದ ನೀರಿನ ಕಲೆಗಳನ್ನು ನೋಡಿದಳು. ಮೇಲೆ ಧೋತರದ ಪಟ್ಟಿಯ ತುದಿ ನೋಡಿದಳು.

"ಇದು ಯಾವಾಗ ಮಾಡಿಸಿದ್ದು?"

ಎದುರಿಗೆ ಇದ್ದಳಲ್ಲ, ಕಿವಿ ಕೆಂಪಾಯಿತು. "ಆಷಾಢದ ಕೊನೆಗೆ" ಎಂದುಬಿಟ್ಟೆ.

ಅವಳು ಗಂಟನ್ನು ಗೋಡೆಯ ಬದಿಗೆ ಸರಿಸಿಟ್ಟಳು. ಆಮೇಲೆ ಮೆಲ್ಲಗೆ, "ನಿಮ್ಮ ಕಾರ್ಡು ಬಂದ ದಿನ ನಾನು ಗಂಟು ಕಟ್ಟಿ ಇಟ್ಟಿದ್ದೆ" ಎಂದಳು. "ಅಮ್ಮನ್ನ ಅತ್ತಿಗೆ ನೋಡ್ಕೊಳ್ತೇನೆ ಅಂದಿದ್ಲು. ಸೋರೋ ಮನೇಲಿ ಒಬ್ರೇ ಇದ್ದಾರೆ, ಹೋಗ್ತೇನೆ ಅಂತ ಹೊರಟವಳು. ಕಾರ್ಡು ಓದಿ ಅಣ್ಣ, ಭಾವ ಗಟ್ಟಿಗ ಆಗಿದ್ದಾನೆ, ನೀ ಎಂತಕ್ಕೆ ಅವಸರ ಮಾಡ್ತೆ ಅಂದ. ಗಂಟು ಬಿಚ್ಚಿದೆ."

ಕಡಿಮೆ ಖರ್ಚಿನಲ್ಲಿ ದಂಬೆ ರಿಪೇರಿ ಮಾಡುವ ಬಗೆ ಹೇಗೆಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ರಾಳ, ಹತ್ತಿ, ಕರಟದ ಕೆಂಡ ಎಲ್ಲ ವಿವರವಾಗಿ ಹೇಳುತ್ತೇನೆ. ಎಲ್ಲಕ್ಕಿಂತ ಅಗ್ಗದ ರಿಪೇರಿಯನ್ನು ನಾನು ಕಾರ್ಡಿನ ಮೇಲೆ ಮಾಡಿದ್ದೆ, ಆ ಮಳೆಗಾಲದ ಲೆಕ್ಕ ಹಿಡಿದರೆ ಅದಕ್ಕಿಂತ ಹಸನ್ ಭಾಯಿಯ ಹೊಸ ತಗಡೇ ಅಗ್ಗವಾಗುತ್ತಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಹೇಳದಿರುವುದು ಸುಳ್ಳಲ್ಲವಂತೆ. ಶಾರದೆ ಇದನ್ನು ಒಪ್ಪುವುದಿಲ್ಲ.